ಕೋಡಿಬಾಗದ ಮೇಸ್ತ್ರಿಯ ಬಲಗೈ

ಮೀನುಗಾರರ ಮನೆಯಲ್ಲಿ ಹುಟ್ಟಿದವನಿಗೆ ದೋಣಿ ಸಮುದ್ರಕ್ಕೆ ಇಳಿದ ಕೂಡಲೇ ವಾಂತಿಯಾದರೆ ಅದು ಎಂಥ ಫಜೀತಿ ಎಂಬುದು ನಮ್ಮಂಥ ಮಣ್ಣಿನ ಕೆಲಸದವರಿಗೆ ಪೂರ್ತಿ ತಿಳಿಯುವುದಿಲ್ಲ. ಕೋಡಿಬಾಗದ ಮೇಸ್ತ್ರಿಗೆ ಹಾಗೆ ಆಗುತ್ತಿತ್ತು. ದೋಣಿ ಕಾಳಿ ನದಿಯಲ್ಲಿರುವ ತನಕ ಏನೂ ಇಲ್ಲ, ಅಳಿವೆ ದಾಟಿ ಮೊದಲ ತೆರೆ ತಾಗಿದ್ದೇ ತಡ, ತಲೆ ಹೊರಗೆ ಹಾಕಿ ಬಗ್ಗಿಬಿಡುತ್ತಿದ್ದನಂತೆ. ಒಂದೆರಡು ಹಂಗಾಮು ನೋಡಿದ ಅಪ್ಪ ಕಡೆಗೆ ಅವನನ್ನು ದಂಡೆಗೆ ಇಳಿಸಿ, "ಇಂವ ನೀರಿಗೆ ಆಗೂದಿಲ್ಲ" ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದ. ಆ ಮಾತನ್ನು ಮೇಸ್ತ್ರಿ ಸ್ವತಃ ನನಗೆ ಎಷ್ಟೋ ಸಲ ಹೇಳಿದ್ದಾನೆ, ಹೇಳಿ ಅಗತ್ಯಕ್ಕಿಂತ ಜೋರಾಗಿ ನಕ್ಕಿದ್ದಾನೆ.

ಅವನ ಹೆಸರು ಬರೆಯುವುದಿಲ್ಲ. ಅವನ ಹೆಂಡತಿ ಈಗಲೂ ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾಳೆ. ಬುಟ್ಟಿಯ ಮುಂದೆ ನಿಂತವರು ಚೌಕಾಸಿ ಬಿಟ್ಟು ಅವಳ ಹತ್ತಿರ ಈ ಕತೆ ಕೇಳುವುದು ನನಗೆ ಬೇಡ. ಶೆಟಗೇರಿ, ಅಗಸೂರು, ಅಂಕೋಲೆಯ ಸುತ್ತ ಎಲ್ಲ ಕಡೆ ಅವನಿಗೆ ಮೇಸ್ತ್ರಿ ಎಂದೇ ಹೆಸರು. ಸಣ್ಣ ಟ್ರ್ಯಾಕ್ಟರಿನ ಮೂತಿಗೆ ಎರಡು ಕಬ್ಬಿಣದ ಕೈ ಮತ್ತು ಬಕೆಟ್ಟು ಕಟ್ಟಿ ಮಣ್ಣು, ಗೊಬ್ಬರ ಎತ್ತುವ ಲೋಡರು ಆಗಷ್ಟೇ ನಮ್ಮ ಕಡೆ ಬಂದಿತ್ತು. ಅದು ಕೆಟ್ಟರೆ ಹುಬ್ಬಳ್ಳಿಯಿಂದ ಜನ ಬರಬೇಕು, ಇಲ್ಲವೇ ಕೋಡಿಬಾಗದಿಂದ ಇವನು. ಹುಬ್ಬಳ್ಳಿಯವರು ಬರುತ್ತೇವೆ ಬರುತ್ತೇವೆ ಎಂದು ಬರುತ್ತಿರಲಿಲ್ಲ. ಇವನು ಬಯ್ಯುತ್ತ ಬಯ್ಯುತ್ತ ಬರುತ್ತಿದ್ದ.

ನನ್ನದು ಮೀನುಗೊಬ್ಬರದ ಕೆಲಸ. ದಂಡೆಯಲ್ಲಿ ಮಾರಾಟವಾಗದೆ ಉಳಿದ, ಕೆಟ್ಟ, ಒಣಗಿ ಪುಡಿಯಾದ ಮೀನನ್ನು ತಂದು ಬೂದಿ, ಸೊಪ್ಪು, ಸಗಣಿಯ ಜೊತೆ ಕೊಳೆಹಾಕಿ ತೆಂಗಿನ ತೋಟದವರಿಗೆ ಕೊಡುವುದು. ಶೆಟಗೇರಿಯಲ್ಲಿ ಊರಿಂದ ಸ್ವಲ್ಪ ಹೊರಗೆ ನನ್ನ ರಾಶಿ. ಆ ವಾಸನೆಗೆ ನನ್ನ ಸ್ವಂತ ಭಾವನೇ ಮನೆಗೆ ಬರುವುದು ಬಿಟ್ಟಿದ್ದ, ಅದೊಂದು ಲಾಭ. ಆದರೆ ಮೀನಿನ ಉಪ್ಪು ಕಬ್ಬಿಣವನ್ನು ಬಿಡುವುದಿಲ್ಲ. ಲೋಡರಿನ ಕೈ ಎತ್ತುವ ಸಿಲಿಂಡರಿನ ಹೊಳೆಯುವ ದಂಡ ಉಪ್ಪಿಗೆ ಚುಕ್ಕಿಚುಕ್ಕಿಯಾಗಿ ತಿಂದುಹೋಗಿ, ಒಳಗಿನ ರಬ್ಬರು ಸೀಲನ್ನು ಕೊಯ್ದುಬಿಡುತ್ತಿತ್ತು. ಎತ್ತಿ ನಿಲ್ಲಿಸಿದ ಬಕೆಟ್ಟು ಯಾರೂ ಮುಟ್ಟದೆ ನಿಧಾನಕ್ಕೆ ನೆಲಕ್ಕೆ ಇಳಿಯುತ್ತಿತ್ತು. ಹಾಗಾಗಿ ಮತ್ತೆ ಮತ್ತೆ ಮೇಸ್ತ್ರಿಯ ಮುಖ ನೋಡುವುದು ನನ್ನ ಹಣೆಯಲ್ಲಿ ಬರೆದಿತ್ತು.

ಮೊದಲ ಸಲ ಬಂದಾಗ ತೊಂದರೆ ಬೇರೆಯೇ ಇತ್ತು. ಮೇಲೆ ಹೋದ ಬಕೆಟ್ಟು ಕೆಳಗೆ ಬರುತ್ತಿರಲಿಲ್ಲ. ಬಸ್ಸಿಳಿದು ಬಂದವನು ಹೆದ್ದಾರಿಯ ಅದಿರಿನ ಲಾರಿಗಳ ಕೆಂಪು ಧೂಳನ್ನು ಅಂಗಿಯಿಂದ ಕೊಡವಿ, ಚೀಲ ನೆಲಕ್ಕಿಟ್ಟು, ಟ್ರ್ಯಾಕ್ಟರಿನ ಕಡೆ ತಿರುಗಿಯೂ ನೋಡದೆ ನನ್ನನ್ನೇ ಕೇಳಿದ:

"ನಿನ್ನೆ ಇದಕ್ಕೆ ಕೈ ಹಾಕ್ದವ ಯಾರು?"

"ಯಾರೂ ಇಲ್ಲ."

"ತನ್ನಷ್ಟಕ್ಕೇ ಕೆಟ್ಟೋಯ್ತಾ? ಇದೇನು ಮನುಷ್ಯನಾ ಮಾರಾಯಾ, ತನ್ನಷ್ಟಕ್ಕೇ ಕೆಡೂಕೆ? ಹೇಳು, ಯಾರು?"

ಕೈ ಹಾಕಿದವನು ನಾನೇ. ಹಿಂದಿನ ದಿನ ತೊಳೆಯಲಿಕ್ಕೆಂದು ಪೈಪಿನ ಜೋಡಣೆ ಬಿಚ್ಚಿ ಮತ್ತೆ ಸಿಕ್ಕಿಸಿದ್ದೆ. ಅದು ಪೂರ್ತಿ ಕೂತಿರಲಿಲ್ಲ, ಎಣ್ಣೆಗೆ ಒಳಗೆ ನುಗ್ಗಲು ದಾರಿ ಇತ್ತು, ವಾಪಸು ಬರಲು ಇರಲಿಲ್ಲ. ಅವನು ಮೊದಲು ಲೋಡರಿನ ಕೈಗಳ ಕೆಳಗೆ ದಪ್ಪ ಮರದ ತುಂಡು ಕೊಟ್ಟು ನಿಲ್ಲಿಸಿದ. ನನ್ನನ್ನು ಬೇಲಿಯ ಹತ್ತಿರಕ್ಕೆ ಅಟ್ಟಿದ. ಆಮೇಲೆ ಜೋಡಣೆಯನ್ನು ಒಂದೇ ಸಲ ಒತ್ತಿದ, ಟಕ್ ಎಂದು ಕೂತಿತು. ಎತ್ತಿ ನಿಂತ ಬಕೆಟ್ಟಿನ ಕೆಳಗೆ ಅವನು ಒಂದು ಕೋಳಿಯನ್ನೂ ಹೋಗಗೊಡುತ್ತಿರಲಿಲ್ಲ. ಅಗಸೂರಿನಲ್ಲಿ ಒಬ್ಬ ದೊಡ್ಡ ಮನುಷ್ಯರು ಫೋನಿನಲ್ಲಿ ಮಾತಾಡುತ್ತ ಹಾಗೆ ಕೆಳಗೆ ನಿಂತದ್ದಕ್ಕೆ ಅವರ ರಟ್ಟೆ ಹಿಡಿದು ಎಳೆದು ಹಾಕಿ, ಕೆಲಸ ಮಾಡದೆ ಬಸ್ಸು ಹತ್ತಿ ಹೋದವನು.

ಅವನು ಕಣ್ಣು ಮುಚ್ಚಿ ಎಣ್ಣೆ ನೋಡುತ್ತಿದ್ದ. ಅಳತೆಕಡ್ಡಿಯ ತುದಿಯಿಂದ ಒಂದು ಹನಿಯನ್ನು ಬಲಗೈಯ ತೋರುಬೆರಳಿಗೆ ಇಳಿಸಿಕೊಂಡು, ಹೆಬ್ಬೆರಳಿನಿಂದ ತಿಕ್ಕುತ್ತ, ಬಾಯಿ ಸ್ವಲ್ಪ ತೆರೆದು ನಿಲ್ಲುತ್ತಿದ್ದ. ಆಗ ಯಾರಾದರೂ ಮಾತಾಡಿದರೆ ಅವರ ಕತೆ ಮುಗಿಯಿತು. "ನೀರು" ಎನ್ನುತ್ತಿದ್ದ. ಇಲ್ಲವೇ "ಮರಳು". ಇಲ್ಲವೇ "ಸುಟ್ಟೋಯ್ತು, ಫಿಲ್ಟರು ಕಟ್ಕಂಡದೆ, ಪಂಪಿಗೆ ಉಸುರು ಸಿಕ್ತಾ ಇಲ್ಲ." ಆಮೇಲೆ ಬೆರಳನ್ನು ಲುಂಗಿಯ ಅಂಚಿಗೆ, ಕನ್ನಡಕ ಒರೆಸುವವರ ಹಾಗೆ ನಿಧಾನಕ್ಕೆ ಒರೆಸುತ್ತಿದ್ದ. ಕೈಯ ಉಳಿದ ಭಾಗವೆಲ್ಲ ಸುಟ್ಟ ಗಾಯ, ಕಚ್ಚು, ಕಪ್ಪು. ಆ ಎರಡು ಬೆರಳ ತುದಿಗಳನ್ನು ಮಾತ್ರ ದಿನಾ ಅಂಗಾಲು ತಿಕ್ಕುವ ಕಲ್ಲಿನಲ್ಲಿ ತಿಕ್ಕಿ, ತೆಂಗಿನೆಣ್ಣೆ ಹಚ್ಚಿ ಮೆತ್ತಗೆ ಇಟ್ಟುಕೊಂಡಿದ್ದ. ನನ್ನ ಅವ್ವಿ ಅವನಿಗೆ ಚಾ ಕೊಡುವಾಗೆಲ್ಲ, "ಮೇಸ್ತ್ರಿ, ನಿನ್ನ ಬೆರಳಿಗೆ ಗಂಡು ನೋಡ್ಬೇಕು" ಎಂದು ಕಾಡುತ್ತಿದ್ದಳು. ಅವನಿಗೆ ಅದು ಬಹಳ ಇಷ್ಟವಾಗುತ್ತಿತ್ತು, ಬೆರಳನ್ನು ಇನ್ನಷ್ಟು ಮುಂದೆ ಚಾಚಿ ತೋರಿಸುತ್ತಿದ್ದ.

ಆ ಬೆರಳುಗಳ ಹಿಂದಿನ ಒಂದು ಸಂಗತಿಯನ್ನು ಅವನು ನನಗೆ ಒಂದೇ ಸಲ ಹೇಳಿದ್ದು, ನಗದೆ ಹೇಳಿದ್ದು. ದಂಡೆಯಲ್ಲಿ ಬೋಟಿನ ಇಂಜಿನು, ಬಲೆ ಎಳೆಯುವ ವಿಂಚು ಬಿಚ್ಚಿ ಕಟ್ಟುತ್ತ ಅವನು ಕೆಲಸ ಕಲಿತಿದ್ದ. ಅಪ್ಪ ಮಾತ್ರ ತನ್ನ ಬೋಟನ್ನು ಅವನ ಕೈಗೆ ಕೊಟ್ಟಿರಲಿಲ್ಲ. ಮುದುಕನಾದ ಮೇಲೆ ಒಂದು ಮಳೆಗಾಲದ ಕೊನೆಗೆ, ಬೋಟು ಇನ್ನೂ ದಂಡೆಯ ಮೇಲಿದ್ದಾಗ, ಹೇಳಿ ಕಳಿಸಿದ. ಅಣ್ಣಂದಿರೆಲ್ಲ ಸುತ್ತ ನಿಂತಿದ್ದರು. ಇವನು ಗೇರುಪೆಟ್ಟಿಗೆಯ ಎಣ್ಣೆ ತಿಕ್ಕಿ ನೋಡಿ, "ಉಪ್ಪುನೀರು ಹೊಕ್ಕದೆ. ಹೀಂಗೇ ಹೋದ್ರೆ ನಡುನೀರಾಗೆ ನಿಲ್ತದೆ" ಎಂದ. ಬಿಚ್ಚಿದಾಗ ಒಳಗೆ ಹಲ್ಲುಗಳೆಲ್ಲ ತುಕ್ಕು ಹಿಡಿದಿದ್ದವು. ಅಪ್ಪ ಅವನ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿ, ಅಣ್ಣಂದಿರಿಗೆ ಹೇಳಿದನಂತೆ: "ಈ ಕೈ ನಮ್ಮ ಮನೇದೇ." ಅಪ್ಪನ ಬಾಯಿಂದ ಅಷ್ಟು ಕೇಳಲು ಇವನಿಗೆ ಅರ್ಧ ಆಯುಷ್ಯ ಬೇಕಾಯಿತು. ಸಮುದ್ರದ ಜನರ ನಡುವೆ ಅವನಿಗೊಂದು ಜಾಗ ಕೊಟ್ಟದ್ದು ಆ ಎರಡು ಬೆರಳು. ಇದನ್ನು ಮರೆತರೆ ಮುಂದೆ ಅವನು ಮಾಡಿದ್ದು ಬರೀ ಹುಚ್ಚುತನವಾಗಿ ಕಾಣುತ್ತದೆ.

ಹಾಗಂತ ಅವನು ದೇವರೇನೂ ಆಗಿರಲಿಲ್ಲ, ತಪ್ಪುತ್ತಿದ್ದ, ತಪ್ಪಿದರೆ ಒಪ್ಪುತ್ತಿರಲಿಲ್ಲ. ಒಮ್ಮೆ ನನ್ನ ಲೋಡರು ಅರ್ಧಕ್ಕೆ ಎತ್ತಿ ನರಳತೊಡಗಿತು. ಬಂದ, ತಿಕ್ಕಿದ, ಪಂಪು ಸತ್ತಿದೆ ಎಂದ. ಪಂಪು ಬಿಚ್ಚಿ ನನ್ನ ತೊಡೆಯ ಮೇಲೆ ಇಟ್ಟು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದ. ಘಟ್ಟದ ತಿರುವಿನಲ್ಲೆಲ್ಲ ಅದನ್ನು ಕೂಸಿನ ಹಾಗೆ ಅಪ್ಪಿಕೊಂಡು ಹೋದೆ. ಹುಬ್ಬಳ್ಳಿಯವರು ಪರೀಕ್ಷೆ ಮಾಡಿ, ಪಂಪು ನಿಮಗಿಂತ ಗಟ್ಟಿಯಾಗಿದೆ ಎಂದು ನಕ್ಕು ವಾಪಸು ಕಳಿಸಿದರು. ಕಡೆಗೆ ನೋಡಿದರೆ ಎಣ್ಣೆ ಎಳೆಯುವ ಕೊಳವೆಯ ಬಾಯಲ್ಲಿ ಒಂದು ಕೆಂಪು ಚೌಕಳಿ ಬಟ್ಟೆ ಸಿಕ್ಕಿಕೊಂಡಿತ್ತು. ಹಿಂದಿನ ಸಲ ರಿಪೇರಿ ಮಾಡುವಾಗ ಅವನೇ ಬಿಟ್ಟ, ಅವನದೇ ಹಳೆಯ ಲುಂಗಿಯ ತುಂಡು. ನಾನು ಅದನ್ನು ಕಡ್ಡಿಯಲ್ಲಿ ಎತ್ತಿ ಅವನ ಮೂಗಿನ ಮುಂದೆ ಹಿಡಿದೆ. ಬಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. "ಬಾಳ ಗಟ್ಟಿ ಬಟ್ಟೆ ಮಾರಾಯಾ. ಇಷ್ಟ್ ದಿನ ಎಣ್ಣೆಯಾಗೆ ಇದ್ರೂ ಹರೀಲಿಲ್ಲ" ಎಂದ.

ಲೋಡರಿನ ಜೊತೆ ಒಂದು ಚಿತ್ರದ ಪುಸ್ತಿಕೆ ಬಂದಿತ್ತು. ಪೈಪು ಎಲ್ಲಿ ಸೋರುತ್ತದೆ ಎಂದು ಹುಡುಕುವಾಗ ಕೈ ಒಡ್ಡಬಾರದು, ಒಂದು ರಟ್ಟಿನ ತುಂಡು ಹಿಡಿಯಬೇಕು ಎಂದು ಅದರಲ್ಲಿ ಚಿತ್ರ. ಕೈಯ ಚಿತ್ರದ ಮೇಲೆ ಕೆಂಪು ಅಡ್ಡಗೀಟು. ನಾನು ಅದನ್ನು ಅವನಿಗೆ ತೋರಿಸಿದ್ದೆ.

"ರಟ್ಟಿಗೆ ಗೊತ್ತಾಗೂದು ಎಣ್ಣೆ ಬತ್ತದೆ ಅಂತ ಅಷ್ಟೇ," ಎಂದ. "ಎಲ್ಲಿಂದ, ಎಷ್ಟು ಜೋರು, ಯಾವ ಬದಿಗೆ, ಅದೆಲ್ಲ ಬೆರಳಿಗೇ ಗೊತ್ತಾಗ್ಬೇಕು. ರಟ್ಟಿಗೆ ಚರ್ಮ ಅದ್ಯಾ?"

"ಬರೆದವ್ರು ಸುಮ್ನೆ ಬರೀತಾರಾ?"

"ಅವ್ರಿಗೆ ನನ್ನ ಬೆರಳು ಇಲ್ಲಲ್ಲಾ, ಅದಕ್ಕೇ ರಟ್ಟು."

ಹೇಳಿ, ಅದೇ ಪುಸ್ತಿಕೆಯಿಂದ ಗಾಳಿ ಬೀಸಿಕೊಂಡ. ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಬಕೆಟ್ಟಿನ ಕೆಳಗೆ ಕೋಳಿ ಹೋದರೆ ಹೆದರುತ್ತಿದ್ದ ಮನುಷ್ಯ, ಸೂಜಿಯ ಮೊನೆಯಷ್ಟು ತೂತಿಗೆ ಹೆದರಲಿಲ್ಲ.

ಮಳೆ ಹಿಡಿಯುವ ಮುಂಚೆ ತೋಟಗಳಿಗೆ ಗೊಬ್ಬರ ಹೋಗಬೇಕು, ಹಾಗಾಗಿ ಮೇ ತಿಂಗಳಲ್ಲಿ ನನಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಲೋಡರಿನ ಬಲ ಇಳಿಯಿತು. ಎಣ್ಣೆ ದಿನಾ ಕಡಿಮೆಯಾಗುತ್ತಿತ್ತು, ಕೆಳಗೆ ಹನಿ ಬಿದ್ದದ್ದು ಕಾಣುತ್ತಿರಲಿಲ್ಲ. ಮೇಸ್ತ್ರಿ ಬಂದು ಸುತ್ತ ಒಂದು ಸಲ ನೋಡಿದ. ಲೋಡರಿನ ಎಡಬದಿಯ ಕೈಯ ಉದ್ದಕ್ಕೆ ಗೊಬ್ಬರದ ಪುಡಿ ಒದ್ದೆಯಾಗಿ ಅಂಟಿತ್ತು. ಪೈಪು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಎಲ್ಲೋ ತೂತಾಗಿದೆ, ಎಣ್ಣೆ ಹನಿಯದೆ ಮಂಜಿನ ಹಾಗೆ ಹಾರುತ್ತಿದೆ ಎಂದ. ಅಷ್ಟರ ಮಟ್ಟಿಗೆ ಅವನು ಹೇಳಿದ್ದು ಸರಿ.

"ಬಕೆಟ್ ತುಂಬ್ಸಿ ಎತ್ತು. ಇಂಜಿನ್ ಜೋರು ಮಾಡಿ ಹಿಡ್ಕಾ. ಒತ್ತಡ ಇರ್ಬೇಕು," ಎಂದ.

ನಾನು ಸೀಟಿನ ಮೇಲೆ ಕೂತು ಹಿಡಿಕೆ ಎಳೆದು ಹಿಡಿದಿದ್ದೆ. ಇಂಜಿನ್ನಿನ ಸದ್ದಿಗೆ ಕೂಗಿ ಹೇಳಿದೆ, ಪೈಪು ಹಳತಾಗಿದೆ, ಹುಡುಕುವುದು ಬೇಡ, ಇಡೀ ಪೈಪನ್ನೇ ಬದಲಿಸುವ ಎಂದು. ಅವನು ಕೇಳಿದನೋ ಇಲ್ಲವೋ. ತೋರುಬೆರಳನ್ನು ಪೈಪಿನ ಅಡಿಯಲ್ಲಿ, ದನದ ಗಂಗೆದೊಗಲು ಸವರುವವರ ಹಾಗೆ ಸವರುತ್ತ ಹೋದ. ಕಣ್ಣು ಮುಚ್ಚಿದ್ದ. ಒಮ್ಮೆಲೇ "ಹಾ!" ಎಂದು ಕೈ ಎಳೆದುಕೊಂಡ. ಮರುಗಳಿಗೆಗೆ ಮುಖದಲ್ಲಿ ನಗು ಬಂತು.

"ಸಿಕ್ತು ನೋಡು. ಇಲ್ಲೇ."

ಇಂಜಿನ್ ನಿಲ್ಲಿಸಿ ಇಳಿದು ನೋಡಿದೆ. ಬೆರಳ ತುದಿಯಲ್ಲಿ ಪಿನ್ನು ಚುಚ್ಚಿದ ಹಾಗೆ ಒಂದು ಚುಕ್ಕಿ. ರಕ್ತವೂ ಬಂದಿರಲಿಲ್ಲ. ಅವನು ಬೆರಳನ್ನು ಬಾಯಿಗಿಟ್ಟು ಚೀಪಿ ಉಗುಳಿದ.

"ಸಾಂಗಟ ಚುಚ್ಚಿದಾಂಗೆ ಆಯ್ತು," ಎಂದ.

ಸಾಂಗಟ ಎಂದರೆ ಮೀಸೆ ಇರುವ ಸಮುದ್ರದ ಮೀನು. ಅದರ ಬೆನ್ನಿನ ಮುಳ್ಳು ಚುಚ್ಚಿದರೆ ಗಟ್ಟಿ ಗಂಡಸೂ ಅತ್ತುಬಿಡುತ್ತಾನೆ. ಇವನು ಅಳಲಿಲ್ಲ. ಹೊಸ ಪೈಪು ಕಟ್ಟಿ, ಗಾಳಿ ತೆಗೆದು, ಎಣ್ಣೆ ತುಂಬಿ, ನಾಲ್ಕು ಬಕೆಟ್ ಗೊಬ್ಬರ ಎತ್ತಿಸಿ ನೋಡಿ ಕೆಲಸ ಮುಗಿಸಿದ. ಆ ಹೊತ್ತಿಗೆ ಬೆರಳು ಬೆಳ್ಳಗಾಗಿ ಬೀಗಿಕೊಂಡಿತ್ತು, ಮಡಚಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯಲಾಗದು ಎಂದು ನಾನೇ ಬೈಕಿನಲ್ಲಿ ಕೋಡಿಬಾಗಕ್ಕೆ ಬಿಟ್ಟೆ. ದಾರಿಯುದ್ದಕ್ಕೂ ಅವನು ಬಲಗೈಯನ್ನು ನನ್ನ ಹೆಗಲ ಮೇಲೆ ಎತ್ತಿ ಇಟ್ಟುಕೊಂಡಿದ್ದ.

ಅವನ ಹೆಂಡತಿ ಆಗಷ್ಟೇ ಪೇಟೆಯಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು. ಬೆರಳು ನೋಡಿದವಳೇ ಕೇಳಿದಳು:

"ಎಂತ ಚುಚ್ತು?"

"ಪೈಪು."

"ಪೈಪಿಗೂ ಮುಳ್ಳು ಅದ್ಯಾ?"

"ಗೊತ್ತಿಲ್ಲ ಮಾರಾಯ್ತಿ. ಸಾಂಗಟದಾಂಗೇ ಹೊಡೀತದೆ, ಮೊಣಕೈ ತನಕ."

ಅವಳು ನೀರು ಒಲೆಗೆ ಇಟ್ಟಳು. ಸಾಂಗಟ ಚುಚ್ಚಿದರೆ ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಅದ್ದಿ ಹಿಡಿಯುವುದು ದಂಡೆಯವರೆಲ್ಲರ ಮದ್ದು. ಅದು ಸುಳ್ಳು ಮದ್ದೂ ಅಲ್ಲ, ಆ ವಿಷ ಬಿಸಿಗೆ ಇಳಿಯುತ್ತದೆ, ಡಾಕ್ಟರರೂ ಅದನ್ನೇ ಹೇಳುತ್ತಾರೆ. ಅವಳ ಅಪ್ಪನಿಗೆ, ಭಾವಂದಿರಿಗೆ, ಅವಳಿಗೇ ಎಷ್ಟೋ ಸಲ ಹಾಗೆ ವಾಸಿಯಾಗಿತ್ತು. ಪಾತ್ರೆಯಲ್ಲಿ ನೀರು ಹೊಗೆಯಾಡುತ್ತಿತ್ತು. ಕೈ ಮುಳುಗಿಸಿದ ಕೂಡಲೇ ಅವನು ಹಲ್ಲು ಕಚ್ಚಿ ನರಳಿ ಎಳೆದುಕೊಳ್ಳಲು ನೋಡಿದ. ಅವಳು ಮಣಿಕಟ್ಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಇನ್ ಸ್ವಲ್ಪ ತಡ್ಕಾ. ಇಳೀತದೆ. ಇಳೀದೆ ಎಲ್ಲೋತದೆ?"

ನಾನು ಚಾ ಕುಡಿದು ಎದ್ದು ಬಂದೆ. ನೋವು ಇಳಿಯಲಿಲ್ಲವೆಂದು ಅವಳು ಮತ್ತೆ ನೀರು ಕಾಯಿಸಿದಳಂತೆ, ಮೊದಲಿಗಿಂತ ಬಿಸಿಯಾಗಿ. ಮರುದಿನವೂ ಅದೇ. ಆಮೇಲೆ ಪಕ್ಕದ ಮನೆಯ ಫೋನಿನಿಂದ ನನಗೆ ಕರೆ ಮಾಡಿದಳು. ಕೈ ಮೊಣಕೈ ತನಕ ಊದಿದೆ, ಬೆರಳು ಕರ್ರಗಾಗುತ್ತಿದೆ, ಇದು ಮೀನಿನ ಮುಳ್ಳಿನ ಹಾಗೆ ಇಲ್ಲ ಎಂದಳು.

ಕಾರವಾರದ ಆಸ್ಪತ್ರೆಯಲ್ಲಿ ನೋಡಿ ಗೋವಾದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರರು ಕೊಂಕಣಿಯಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದರು. ಅಷ್ಟು ಒತ್ತಡದಲ್ಲಿ ಸೂಜಿತೂತಿನಿಂದ ಹೊರಡುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ, ಮೇಲೆ ಬರೀ ಚುಕ್ಕಿ ಕಾಣುತ್ತದೆ, ಒಳಗೆ ಬೆರಳಿನಿಂದ ಅಂಗೈಗೆ ಹರಡಿ ಮಾಂಸವನ್ನು ಕೊಲ್ಲುತ್ತದೆ. ಅವತ್ತೇ ಬಂದಿದ್ದರೆ ಕೊಯ್ದು ತೊಳೆಯಬಹುದಿತ್ತು. ಆಮೇಲೆ ಕೇಳಿದರು, ಬಿಸಿ ಏನಾದರೂ ಕೊಟ್ಟಿರಾ?

"ನೀರು," ಎಂದಳು ಹೆಂಡತಿ.

ಬಿಸಿಗೆ ಬಾವು ಹೆಚ್ಚುತ್ತದೆ, ಇದಕ್ಕೆ ಅದು ಕೆಟ್ಟದ್ದು ಎಂದು ಡಾಕ್ಟರರು ಹೇಳಿದರು. ಬಯ್ಯಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ. ಮೇಸ್ತ್ರಿ ಮಲಗಿದ್ದಲ್ಲಿಂದಲೇ, "ಅವಳು ಬ್ಯಾಡ ಬ್ಯಾಡ ಅಂದಿದ್ಲು, ನಾನೇ ಹಟ ಮಾಡ್ದೆ" ಎಂದ. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆ ದಿನದಿಂದ ಅವಳ ಬಾಯಿ ಕಟ್ಟಿಹೋಯಿತು.

ಬೆರಳು, ಅಂಗೈ ಕೊಯ್ದು ತೊಳೆದರು. ಒಳಗಿನಿಂದ ಎಣ್ಣೆಯ ವಾಸನೆ ಬಂತ್ರಾ ಎಂದು ಇವನು ಅರೆಪ್ರಜ್ಞೆಯಲ್ಲಿ ನರ್ಸನ್ನು ಕೇಳುತ್ತಿದ್ದ. ಆದರೂ ತೋರುಬೆರಳು ಮತ್ತು ಹೆಬ್ಬೆರಳು ಕಪ್ಪಾಗಿ ತಣ್ಣಗಾದವು. ಅವನಿಗೆ ಸಕ್ಕರೆ ಕಾಯಿಲೆಯೂ ಇತ್ತು. ಈ ಎರಡು ಬೆರಳು ಸತ್ತಿವೆ, ತೆಗೆದರೆ ಕೈ ಉಳಿಯುತ್ತದೆ, ಬಿಟ್ಟರೆ ಕೊಳೆ ಮೇಲೆ ಏರುತ್ತದೆ, ಜೀವಕ್ಕೇ ಅಪಾಯ ಎಂದರು ಡಾಕ್ಟರರು.

"ನಾಕಾ," ಎಂದ ಮೇಸ್ತ್ರಿ. ಬೇಡ.

ಡಾಕ್ಟರರು ಮತ್ತೆ ಹೇಳಿದರು. ಇವನು ಮೀನು ಪೇಟೆಯಲ್ಲಿ ಮಾತಾಡುವವರ ಹಾಗೆ ಚೌಕಾಸಿಗೆ ನಿಂತ. ಕಿರುಬೆರಳು ತಗೊಳ್ಳಿ ಎಂದ. ಕಿರುಬೆರಳು, ಉಂಗುರದ ಬೆರಳು ಎರಡೂ ತಗೊಳ್ಳಿ ಎಂದ. ಎಡಗೈ ಇಡೀ ತಗೊಳ್ಳಿ, ಅದರಿಂದ ನನಗೆ ಅಷ್ಟೇನೂ ಆಗಬೇಕಾದ್ದಿಲ್ಲ ಎಂದ. ಡಾಕ್ಟರರು ಆಚೆಯ ಹಾಸಿಗೆಗೆ ಹೋದರು.

ನನಗೆ ತಡೆಯಲಾಗಲಿಲ್ಲ. "ಎಡಗೈಯಾಗೆ ಕಲೀಬಹುದಲ್ಲೋ. ನಿನ್ನ ಬಾಯಿ ಅದೆ, ತಲೆ ಅದೆ. ಜೀವ ದೊಡ್ಡದಾ ಬೆರಳು ದೊಡ್ಡದಾ?"

"ಬೆರಳು ಹೋದ್ರೆ ನಾನು ಯಾರು ಹೇಳು?" ಎಂದ. "ಬೋಟಿನಾಗೆ ವಾಂತಿ ಮಾಡ್ದವ. ಮತ್ತೆಂತ ಉಳೀತು?"

ನಾನು ಅವನ ಹೆಂಡತಿಯ ಕಡೆ ತಿರುಗಿ, "ನೀನಾದ್ರೂ ಹೇಳೇ" ಎಂದೆ. ಪೇಟೆಯಲ್ಲಿ ಪೊಲೀಸರ ಹತ್ತಿರವೂ ಜಗಳ ಕಾಯುವ ಹೆಂಗಸು ಅವಳು. ಅವತ್ತು ಕೆಳಗೆ ನೋಡುತ್ತ, "ನಾ ಯಾವ ಬಾಯಾಗೆ ಹೇಳ್ಲಿ?" ಎಂದಳು.

ಅವನು ಹಟ ಹಿಡಿದು ಆಸ್ಪತ್ರೆ ಬಿಟ್ಟು ಮನೆಗೆ ಬಂದ. ಹಳೆಯ ಬಲೆಯ ಹಗ್ಗದಿಂದ ಕೈಯನ್ನು ಮಾಡಿನ ಪಕಾಸಿಯ ಮರಕ್ಕೆ ಎತ್ತಿ ಕಟ್ಟಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದ. ರಕ್ತ ಓಡಿದರೆ ಬೆರಳು ಬದುಕುತ್ತದೆ ಎನ್ನುತ್ತಿದ್ದ. ಗೋವಾದಿಂದ ಕೊಟ್ಟ ಮಾತ್ರೆ ನುಂಗುತ್ತಿದ್ದ, ಯಾರೋ ಕೊಟ್ಟ ಬೇರು ಅರೆದು ಹಚ್ಚುತ್ತಿದ್ದ. ನಾನು ಗೊಬ್ಬರದ ಕೆಲಸ ಅರ್ಧಕ್ಕೆ ಬಿಟ್ಟು ಎರಡು ದಿನಕ್ಕೊಮ್ಮೆ ಹೋಗಿ ಜಗಳ ಆಡಿ ಬರುತ್ತಿದ್ದೆ. ಒಂದು ದಿನ ಬಾಗಿಲಲ್ಲೇ ನನಗೆ ವಾಸನೆ ಬಂತು. ಕೊಳೆಯುವ ವಾಸನೆಯ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನನ್ನ ಅನ್ನವೇ ಅದು.

ಅವನೇ ಹೇಳಿದ: "ನಿನ್ನ ಲೋಡರಿನ ಎಣ್ಣೆ ಒಂದಿಷ್ಟು ತಕಂಡು ಬಾ. ತಿಕ್ಕಿ ನೋಡ್ತೆ. ಬೆರಳು ಸತ್ತದೋ ಬದ್ಕದೋ ನನಗೇ ಗೊತ್ತಾಗ್ಲಿ. ಡಾಕ್ಟರ್ ಹೇಳೂದು ಬ್ಯಾಡ."

ಕಾರವಾರದ ಅಂಗಡಿಯಿಂದ ನಾನು ಬೇಕೆಂದೇ ಹೊಸ ಎಣ್ಣೆಯ ಡಬ್ಬಿ ತಂದು, ಅದರಿಂದ ಸ್ವಲ್ಪವನ್ನು ಒಂದು ಬಾಟಲಿಗೆ ಹಾಕಿ ಒಯ್ದೆ. ಜೇನಿನಂತೆ ತಿಳಿ ಎಣ್ಣೆ. ಅವನು ಹಗ್ಗ ಬಿಚ್ಚಿಸಿಕೊಂಡು, ಪಟ್ಟಿ ಸರಿಸಿ, ಹನಿಯನ್ನು ಬೆರಳಿಗೆ ಇಳಿಸಿಕೊಂಡ. ಎರಡು ಬೆರಳೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಎಡಗೈಯಿಂದ ಹೆಬ್ಬೆರಳನ್ನು ಹಿಡಿದು ತೋರುಬೆರಳಿಗೆ ಒತ್ತಿ ತಿಕ್ಕಿದ. ಕಣ್ಣು ಮುಚ್ಚಿದ, ಬಾಯಿ ಸ್ವಲ್ಪ ತೆರೆದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಮರಳು," ಎಂದ. ಸ್ವಲ್ಪ ತಡೆದು, "ನೀರೂ ಅದೆ" ಎಂದ. ಅವನ ಮುಖ ಅರಳಿತು.

"ಮೇಸ್ತ್ರಿ, ಅದು ಹೊಸಾ ಎಣ್ಣೆ," ಎಂದೆ. "ಡಬ್ಬಿ ಈಗ ಒಡ್ದದ್ದು. ಕಣ್ಣು ಬಿಟ್ಟು ನೋಡು."

ಅವನು ಕಣ್ಣು ಬಿಟ್ಟು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಇನ್ನೊಂದು ಹನಿ ಹಾಕಿಸಿಕೊಂಡು ಮತ್ತೆ ತಿಕ್ಕಿದ. ಈ ಸಲ ಬಹಳ ಹೊತ್ತು ತಿಕ್ಕಿದ. ನದಿಯ ಕಡೆಯಿಂದ ಗಾಳಿ ಬರುತ್ತಿತ್ತು, ಯಾರದೋ ಬೋಟಿನ ಇಂಜಿನು ಗುರುಗುಟ್ಟಿ ಚಾಲೂ ಆಗದೆ ನಿಂತಿತು. ಅವನು ಅದಕ್ಕೂ ತಲೆ ಎತ್ತಲಿಲ್ಲ.

"ನಾಳೆ ಹೋಗ್ವ," ಎಂದ. "ತೆಗೀಲಿ."

ಹೆಂಡತಿ ಒಳಗೆ ಹೋಗಿ ಅತ್ತದ್ದು ಕೇಳಿಸಿತು. ನನಗೆ ಸಂತೋಷವಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಬೆರಳು ಹೋದರೂ ಮನುಷ್ಯ ಉಳಿಯುತ್ತಾನೆ, ಇನ್ನು ನನ್ನ ಲೋಡರಿನ ಪಕ್ಕ ಕುರ್ಚಿ ಹಾಕಿ ಕೂರಿಸಿ ಬಯ್ಯಿಸಿಕೊಳ್ಳುತ್ತೇನೆ ಎಂದುಕೊಂಡು ಬೈಕು ಹತ್ತಿದೆ.

ಬೆಳಿಗ್ಗೆ ಬಾಡಿಗೆ ಕಾರು ತೆಗೆದುಕೊಂಡು ಹೋದಾಗ ಅವನು ಚಳಿ ಹಿಡಿದು ನಡುಗುತ್ತಿದ್ದ. ಕೈಯಿಂದ ಎದ್ದ ಕೆಂಪು ಗೆರೆಯೊಂದು ತೋಳು ದಾಟಿ ಕಂಕುಳಿಗೆ ಹೋಗಿತ್ತು. ಗೋವಾದ ತನಕ ಹೋಗುವ ಸ್ಥಿತಿ ಇರಲಿಲ್ಲ, ಕಾರವಾರದ ಆಸ್ಪತ್ರೆಗೇ ಸೇರಿಸಿದೆವು. ನಂಜು ರಕ್ತಕ್ಕೆ ಹೋಗಿದೆ, ಈಗ ಬೆರಳು ತೆಗೆದು ಪ್ರಯೋಜನವಿಲ್ಲ, ಇಡೀ ಕೈ ತೆಗೆಯಬೇಕು, ಅದಕ್ಕೂ ಮೊದಲು ರಕ್ತದೊತ್ತಡ ಮೇಲೆ ಬರಬೇಕು ಎಂದರು. ಅವನಿಗೆ ಮೈಮೇಲೆ ಎಚ್ಚರ ಇರಲಿಲ್ಲ. ನಡುನಡುವೆ, "ಕೆಳಗೆ ಯಾರದು? ಸರೀರೋ ಆಚೆ! ಸರೀರಿ!" ಎಂದು ಕೂಗುತ್ತಿದ್ದ. ಹೆಂಡತಿ ಪ್ರತಿ ಸಲವೂ, "ಯಾರೂ ಇಲ್ಲ, ಎಲ್ರೂ ಸರ್ದಾರೆ" ಎಂದು ಉತ್ತರ ಕೊಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೂಗುವುದು ನಿಂತಿತು. ರಕ್ತದೊತ್ತಡ ಮೇಲೆ ಬರಲೇ ಇಲ್ಲ.

ಸಂಜೆ ಅವನ ದೇಹವನ್ನು ಕೋಡಿಬಾಗದ ಮನೆಯ ಅಂಗಳದಲ್ಲಿ ಮಲಗಿಸಿದ್ದರು. ದಂಡೆಯ ಜನರೆಲ್ಲ ಬಂದಿದ್ದರು, ಅಣ್ಣಂದಿರು ಬೋಟು ಬಿಟ್ಟು ಬಂದಿದ್ದರು, ಅಗಸೂರಿನ ಆ ದೊಡ್ಡ ಮನುಷ್ಯರೂ ಬಂದು ಬೇಲಿಯ ಹತ್ತಿರ ನಿಂತಿದ್ದರು. ಬಲಗೈಯ ಪಟ್ಟಿ ಬಿಚ್ಚಿ ಸ್ನಾನ ಮಾಡಿಸಿದ್ದರು. ಬಂದವರಿಗೆ ನೋಡಲು ಕಷ್ಟವಾಗುತ್ತದೆ ಎಂದು ಅವನ ದೊಡ್ಡ ಅತ್ತಿಗೆ ಆ ಕೈಯ ಮೇಲೆ ಒಂದು ಟವೆಲು ಹೊದಿಸಿದಳು.

ತಲೆಯ ಹತ್ತಿರ ಕೂತಿದ್ದ ಹೆಂಡತಿ ಆ ಟವೆಲನ್ನು ಎಳೆದು ಬದಿಗೆ ಹಾಕಿದಳು. ಅತ್ತಿಗೆ ಮತ್ತೆ ಹೊದಿಸಲು ಬಂದಾಗ ಅವಳ ಕೈ ತಡೆದಳು. ಎಷ್ಟೋ ದಿನಗಳ ಮೇಲೆ ಅವಳ ಪೇಟೆಯ ದನಿ ಕೇಳಿಸಿತು.

"ಮುಚ್ಚಬ್ಯಾಡಿ. ಇದನ್ನ ಉಳಿಸ್ಕೊಳ್ಳೂಕೇ ಅಲ್ವಾ ಅಂವ ಹೋದದ್ದು? ಬಂದವ್ರೆಲ್ಲಾ ನೋಡಿ. ಐದೂ ಬೆರಳು ಅದೆ, ನೋಡಿ."

ಅಂಗಳದಲ್ಲಿ ನಿಂತಿದ್ದ ನಾವು ಯಾರೂ ಆ ಕಡೆ ನೋಡಲಿಲ್ಲ.